ಬೆಂಚಿನ ಕೊನೆ
ಸೈಕಲ್ಲಿನಲ್ಲಿ ಪುಟ್ಟೇನಹಳ್ಳಿಗೆ ಬರುವ ನಮ್ಮ ಡಾಕ್ಟರ್ ಜಹೀರ್ ಸಾಹೇಬರಿಗೆ ದವಾಖಾನೆ ಸುಧಾರಿಸುವ ಹುಚ್ಚು. ಒಂದು ವಾರ ಕೆಮ್ಮುವವರನ್ನು ಬೇವಿನ ಮರದ ಕೆಳಗೆ ಕೂರಿಸಿದರು. ಮರುವಾರ ತಮ್ಮ ಮೇಜನ್ನೇ ಅಂಗಳಕ್ಕೆ ತಂದರು. ಸೊಣ್ಣಮ್ಮನ ಔಷಧದ ಚೀಟಿಯನ್ನು ಅವಳ ಮೇಕೆಯೇ ತಿಂದಿತು. "ಮೇಕೆಗಿನ್ನು ಕೆಮ್ಮು ಬರಲ್ಲ ಬಿಡಮ್ಮ" ಎಂದು ಸಾಹೇಬರು ಇನ್ನೊಂದು ಬರೆದುಕೊಟ್ಟರು. ಈಗಿನ ಪದ್ಧತಿಯಲ್ಲಿ ಬೆಂಚಿನ ಕೊನೆಯಲ್ಲಿ ಕೂತವರನ್ನೇ ಮೊದಲು ನೋಡುತ್ತಾರೆ. ಹಾಗಾಗಿ ಎಲ್ಲರಿಗೂ ಕೊನೆಯೇ ಬೇಕು. "ನಾನೇ ಕಣೇ ಕೊನೆ, ಅತ್ಲಾಗೆ ಸರಿ!" ಎಂದು ಸೊಣ್ಣಮ್ಮ ನೂಕುತ್ತಾಳೆ, ಪಟಾಲಮ್ಮ ಬೆಂಚಿನಿಂದ ಜಾರಿ ನೆಲಕ್ಕೆ ಬೀಳುತ್ತಾಳೆ. ಸಾಹೇಬರೂ ನಗುತ್ತಾರೆ. ಆದರೆ ಈ ಪದ್ಧತಿಯನ್ನು ಮಾತ್ರ ಬದಲಿಸುವುದಿಲ್ಲ. ಹೋದ ವರ್ಷ ಆ ಕೊನೆಯಲ್ಲಿ ಕೂತು, "ಮೊದ್ಲು ಅವ್ರನ್ನ ನೋಡಿ ಸ್ವಾಮಿ, ನನಗೇನ್ ಅವಸರ" ಎಂದು ಎಲ್ಲರನ್ನೂ ಮುಂದೆ ಬಿಟ್ಟು, ಸರದಿ ಬರುವ ಮೊದಲೇ ಕೂತಲ್ಲೇ ತೀರಿಕೊಂಡವರು ನನ್ನ ಯಜಮಾನರು.