ಕಡೆಯ ಪಂಕ್ತಿ

ಮಳೆಗೆ ಈ ತಮಿಳು ಊರು ಮುಳುಗಿ ಎರಡು ದಿನವಾದರೂ ನಮ್ಮ ಕನ್ನಡ ಸಂಘದವರಿಗೆ ಮೊದಲು ನೆನಪಾದದ್ದು ಬ್ಯಾನರ್. ಗಿಂಡಿ ಬಡಾವಣೆಯ ತಗ್ಗಿನ ಬೀದಿಗಳಿಂದ ವಯಸ್ಸಾದವರನ್ನೆಲ್ಲ ಕರೆತಂದು ಒಂದು ಶಾಲೆಯಲ್ಲಿ ಕೂರಿಸಿದ್ದರು. ಅವರಲ್ಲಿ ಕನ್ನಡದವರು ಎಂಟೋ ಹತ್ತೋ ಜನ. ಅವರನ್ನು ನೋಡಿಕೊಳ್ಳಲು ಹೊರಟ ನಾವು ಹದಿನೈದು ಜನ, ಎಲ್ಲರ ಮೈಮೇಲೂ ಸಂಘದ ಹಳದಿ ಟೀಶರ್ಟು. ಬ್ಯಾನರಿನಲ್ಲಿ ಅಧ್ಯಕ್ಷರ ಮುಖ ಎಷ್ಟು ದೊಡ್ಡದಿರಬೇಕು ಎಂಬ ಚರ್ಚೆಗೆ ಒಂದಿಡೀ ಬೆಳಿಗ್ಗೆ ಹೋಯಿತು. ಅಷ್ಟು ಹೊತ್ತೂ ಆ ಜೀವಗಳು ಒದ್ದೆ ಬಟ್ಟೆಯಲ್ಲೇ ಬೆಂಚಿನ ಮೇಲೆ ಕೂತಿದ್ದವು. ಆಮೇಲೆ ಹೊದಿಕೆ ಹಂಚಿದರು. ಫೋಟೋ ಸರಿಯಾಗಿ ಬರಲಿಲ್ಲವೆಂದು ಒಬ್ಬ ಅಜ್ಜಿಯ ಕೈಯಿಂದ ಹೊದಿಕೆ ವಾಪಸು ತೆಗೆದುಕೊಂಡು ಮತ್ತೆ ಕೊಟ್ಟರು. ಅಜ್ಜಿ ಎರಡು ಸಲವೂ ಕೈಮುಗಿದರು.

ನನ್ನ ಪಾಲಿಗೆ ಬಂದದ್ದು ಪಟ್ಟಿ. ಒಬ್ಬೊಬ್ಬರ ಮುಂದೆ ನಿಂತು ಊಟ ಆಯ್ತಾ, ಮಾತ್ರೆ ಆಯ್ತಾ ಎಂದು ಕೇಳುವುದು, ಟಿಕ್ ಹಾಕುವುದು. ನಾನೂ ಬಲು ಗತ್ತಿನಿಂದಲೇ ಓಡಾಡಿದೆ, ಸುಳ್ಳೇಕೆ.

ಆ ಸಾಲಿನ ಕೊನೆಯಲ್ಲಿ ನಮ್ಮ ಭಟ್ಟರಿದ್ದರು. ಇದೇ ಊರಿನ ಪ್ಯಾರೀಸ್ ಕಾರ್ನರಿನಲ್ಲಿ ಅಪ್ಪನ ಹೋಟೆಲು ಇದ್ದಷ್ಟು ಕಾಲವೂ ಅಡುಗೆಮನೆ ಅವರದ್ದೇ. ಹೋಟೆಲು ಮುಚ್ಚಿದ ಮೇಲೆ ಗಿಂಡಿಯಲ್ಲಿ ಒಂದು ಕೋಣೆ ಹಿಡಿದು ಒಬ್ಬರೇ ಇದ್ದರು. ಕೋಣೆಯೊಳಗೆ ಸೊಂಟದ ಮಟ್ಟ ನೀರು ಬಂದಾಗ ಅವರು ಹೊರಗೆ ತಂದದ್ದು ಸಕ್ಕರೆ ಕಾಯಿಲೆಯ ಮಾತ್ರೆಯ ಡಬ್ಬಿಯೊಂದನ್ನೇ.

"ಭಟ್ರೇ, ಊಟ ಆಯ್ತಾ?"

"ಆಯ್ತಮ್ಮ. ನಿಂದು ಆಯ್ತಾ?"

"ಮಾತ್ರೆ?"

"ಅದೂ ಆಯ್ತು. ನೀನು ಹೋಗು, ಕೆಲಸ ನೋಡು."

ಎರಡು ಟಿಕ್. ಮರುದಿನವೂ ಹಾಗೇ.

ಆ ಮಧ್ಯಾಹ್ನ ಭಟ್ಟರು ಬೆವರಿ, ನಡುಗಿ, ಬೆಂಚಿನಿಂದ ಜಾರಿದರು. ಶಿಬಿರದ ಡಾಕ್ಟರಮ್ಮ ಬೆರಳು ಚುಚ್ಚಿ ನೋಡಿ, ಸಕ್ಕರೆ ತೀರಾ ಇಳಿದಿದೆ, ಕೊನೆಗೆ ಯಾವಾಗ ಊಟ ಮಾಡಿದ್ದು ಎಂದು ತಮಿಳಿನಲ್ಲಿ ಕೇಳಿದರು. ನಾನು ಪಟ್ಟಿ ತೋರಿಸಿದೆ. ಪಕ್ಕದ ಬೆಂಚಿನ ಅಜ್ಜಿಗೆ ರೇಗಿಹೋಯಿತು.

"ಎಲ್ಲಿ ಉಂಡ್ರು? ಪೊಟ್ಟಣ ಬಂದಾಗೆಲ್ಲ ಮೊದ್ಲು ಅವ್ರಿಗೆ ಕೊಡಿ, ಇವ್ರಿಗೆ ಕೊಡಿ ಅಂತಾರೆ. ಇವ್ರ ಹತ್ರ ಬರೋಷ್ಟ್ರಲ್ಲಿ ಮುಗ್ದಿರುತ್ತೆ. ಎರಡು ದಿನದಿಂದ ಬರೀ ಮಾತ್ರೆ, ಟೀ, ಒಂದೆರಡು ಬಿಸ್ಕತ್ತು!"

ಆಗ ನನಗೆ ಹೋಟೆಲು ನೆನಪಾಯಿತು. ಭಟ್ಟರು ಎಂದೂ ಕಡೆಯ ಪಂಕ್ತಿ ಏಳುವ ಮುಂಚೆ ಉಂಡವರಲ್ಲ. ಯಾರಾದರೂ ನಡುವೆ ಕೇಳಿದರೆ "ಆಯ್ತು" ಎಂದು ಬಾಯಿ ಮುಚ್ಚಿಸುತ್ತಿದ್ದರು. ದಿನವೂ ಅಪ್ಪನೇ ಅಡುಗೆಮನೆ ಬಾಗಿಲಿಗೆ ಬಂದು, "ಎಲ್ಲರದ್ದೂ ಆಯ್ತು ಭಟ್ರೇ, ನೀವು ಕೂತ್ಕೊಳ್ಳಿ" ಎನ್ನಬೇಕು. ಆಮೇಲೆಯೇ ಅವರು ಎಲೆ ಹಾಕಿಕೊಳ್ಳುತ್ತಿದ್ದುದು. ಇದನ್ನು ನೋಡಿಕೊಂಡೇ ಬೆಳೆದವಳು ನಾನು. ಟೀಶರ್ಟು ಹಾಕಿದ ಕೂಡಲೇ ಎಲ್ಲ ಮರೆತಿದ್ದೆ.

ಕೂಡಲೇ ಸಿಹಿ ಏನಾದರೂ ಕುಡಿಸಿ ಎಂದರು ಡಾಕ್ಟರಮ್ಮ. ಸಿಹಿ ಎಲ್ಲಿದೆಯೆಂದು ನನಗೆ ಗೊತ್ತಿತ್ತು. ಶಾಲೆಯ ಅದೇ ಕೋಣೆಯ ಮೂಲೆಯಲ್ಲಿ ಪರದೆ ಕಟ್ಟಿ ಸಂಘದ ಸಮಿತಿಯವರು ಊಟಕ್ಕೆ ಕೂತಿದ್ದರು. ನಿರಾಶ್ರಿತರಿಗೆ ತಣ್ಣನೆಯ ಚಿತ್ರಾನ್ನದ ಪೊಟ್ಟಣ. ಇವರಿಗೆ ಬಾಳೆಎಲೆ, ಬಿಸಿ ಸಾರು, ಪಾಯಸ. ಸೇವೆ ಮಾಡಿ ದಣಿದವರಲ್ಲವೇ! ಅಧ್ಯಕ್ಷರಂತೂ ಶೋಳಿಂಗನಲ್ಲೂರಿನಿಂದ ಇಲ್ಲಿಯವರೆಗೆ ಎಸಿ ಕಾರಿನಲ್ಲಿ ಕೂತು ಬಂದಿದ್ದರು, ಪಾಪ. ಪಾತ್ರೆಯ ತಳದಲ್ಲಿ ಉಳಿದದ್ದು ಒಂದು ಲೋಟ ಪಾಯಸ. ಬಗ್ಗಿಸಿಕೊಂಡು ಓಡಿ ಬಂದೆ.

ಭಟ್ಟರು ಲೋಟ ನೋಡಿದರು. "ಎಲ್ಲರದ್ದೂ ಆಯ್ತಾ?"

"ಎಲ್ಲರದ್ದೂ ಆಯ್ತು ಭಟ್ರೇ, ನೀವು ಕೂತ್ಕೊಳ್ಳಿ," ಎಂದೆ, ಅಪ್ಪನ ಹಾಗೆಯೇ.

ಒಂದು ಗುಟುಕು ಒಳಗೆ ಹೋಯಿತು. ಅಷ್ಟರಲ್ಲಿ ಪರದೆಯಾಚೆಯಿಂದ ಅಧ್ಯಕ್ಷರ ತಮಿಳು ಬೆರೆತ ಕನ್ನಡ: "ಎಲ್ಲಿ ಅಮ್ಮಾ ಪಾಯಸಂ? ಇನ್ನೂ ಕೊಂಜಂ ಬಡ್ಸಿ!"

ಲೋಟ ತುಟಿಯಿಂದ ಕೆಳಗಿಳಿಯಿತು. "ಪಂಕ್ತಿ ಎದ್ದಿಲ್ಲ ಮಾರಾಯ್ತಿ. ಅವರಿಗೆ ಬಡಿಸು," ಎಂದು ಭಟ್ಟರು ಲೋಟವನ್ನು ನನ್ನತ್ತ ಚಾಚಿದರು.

ನಾನು ಲೋಟ ಮುಟ್ಟಲಿಲ್ಲ. ಹೋಗಿ ಆ ಪರದೆಯನ್ನು ಕಿತ್ತು ಎಸೆದೆ. ಅಧ್ಯಕ್ಷರ ಮುಂದಿನ ಎಲೆಯನ್ನು ಅವರು ಉಣ್ಣುತ್ತಿದ್ದ ಹಾಗೆಯೇ ಎಳೆದು ಮಡಚಿದೆ. ಉಣ್ಣುತ್ತಿರುವವನ ಎಲೆ ಮಡಚುವುದು ನಮ್ಮವರಲ್ಲಿ ಕಪಾಳಕ್ಕೆ ಹೊಡೆದದ್ದಕ್ಕಿಂತ ಹೆಚ್ಚು. ಅವರು ಎಂಜಲು ಕೈ ಎತ್ತಿಕೊಂಡು ಬಾಯಿ ತೆರೆದೇ ಎದ್ದು ನಿಂತರು. ಅವರು ಎದ್ದದ್ದು ಕಂಡು ಉಳಿದವರೂ ಎದ್ದರು.

ಹಿಂತಿರುಗಿ ನೋಡಿದೆ. ಭಟ್ಟರು ಅವರೆಲ್ಲ ನಿಂತಿದ್ದನ್ನು ಒಮ್ಮೆ ನೋಡಿ, ಲೋಟವನ್ನು ಬಾಯಿಗಿಟ್ಟರು.