ಹಸಿರು ಕಿಟಕಿಯ ಸೌದೆ

ಮಗಳು ಬಾಣಂತನಕ್ಕೆ ಮಧುಗಿರಿಗೆ ಬರುವುದು ಖಚಿತವಾದಾಗ ನಾನು ಮೊದಲು ನೋಡಿದ್ದು ಬಾಣಂತಿ ಕೋಣೆಯ ಕಿಟಕಿಯನ್ನು. ಅದರ ಹಸಿರು ಬಣ್ಣ ನಮ್ಮ ತಂದೆಯ ಕಾಲದ್ದು. ಪದರದ ಮೇಲೆ ಪದರ ಬಳಿದು ದಪ್ಪವಾಗಿ, ಈಗ ಹಪ್ಪಳದಂತೆ ಏಳುತ್ತಿತ್ತು. ಆ ಕಾಲದ ಬಣ್ಣದಲ್ಲಿ ಸೀಸ ಇರುತ್ತದೆ. ಅದರ ಧೂಳು ಕೂಸಿನ ಹೊಟ್ಟೆಗೆ ಹೋದರೆ ಬುದ್ಧಿ ಬೆಳೆಯುವುದಕ್ಕೇ ಪೆಟ್ಟು. ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಳಾದವಳು.

ಮಗಳು ಕೊರಟಗೆರೆಯ ಅತ್ತೆಮನೆಯಿಂದ ಬರುವಷ್ಟರಲ್ಲಿ ಕೆಲಸ ಮುಗಿಯಬೇಕಿತ್ತು. ಬಸುರಿ ಇರುವ ಮನೆಯಲ್ಲಿ ಮೊಳೆ ಕೂಡ ಹೊಡೆಯಬಾರದೆಂಬುದು ಅಕ್ಕನ ಕಟ್ಟಳೆ. ಧೂಳು ಏಳಬಾರದೆಂಬುದು ನನ್ನದು. ಒಂದೇ ಮನೆಯಲ್ಲಿದ್ದರೂ ನಾವಿಬ್ಬರೂ ಒಂದು ಮಾತಿಗೆ ಬರುವುದು ಅಪರೂಪ.

ಪೇಂಟರ್ ಉಪ್ಪುಕಾಗದ ಹಿಡಿದು ಬಂದ. ನೀರು ಹಾಕದೆ ಉಜ್ಜಕೂಡದೆಂದೆ.

"ನೀರಾಕುದ್ರೆ ಮರ ಉಬ್ಕಂತದೆ ಮೇಡಂ."

"ಉಬ್ಬಲಿ. ಒಣಗಿದ್ಮೇಲೆ ಇಳೀತದೆ."

ಅವನಿಗೆ ಮಾಸ್ಕ್ ಕೊಟ್ಟೆ, ನೆಲಕ್ಕೆ ಪ್ಲಾಸ್ಟಿಕ್ ಹಾಸಿದೆ, ಪೊರಕೆ ಬಚ್ಚಿಟ್ಟು ಒದ್ದೆ ಬಟ್ಟೆಯಲ್ಲೇ ಒರೆಸಿದೆ. ಅವನು ಫೋನಿನಲ್ಲಿ ಯಾರಿಗೋ, "ಆಪರೇಷನ್ ಥಿಯೇಟ್ರಲ್ಲಿ ಇವ್ನಿ, ಆಮೇಲ್ ಮಾಡು" ಎಂದ. ಕಿಟಕಿಯ ಬಾಗಿಲುಗಳ ಸಂದಿಗಳಲ್ಲಿ ಬಣ್ಣ ಕಚ್ಚಿಕೊಂಡಿತ್ತು. ಆ ಬಾಗಿಲುಗಳನ್ನೇ ತೆಗೆಸಿ ಹೊಸದು ಕೂರಿಸಿದೆ. ಹೊಸದಕ್ಕೆ ಬಣ್ಣ ಹಚ್ಚಿಸಲಿಲ್ಲ. ಹಳೆಯವು ಹಿತ್ತಲಿಗೆ ಹೋದವು.

ಹೆಣ್ಣು ಕೂಸು ಹುಟ್ಟಿತು. ನಮ್ಮಲ್ಲಿ ಬಾಣಂತಿಗೆ ಸೌದೆ ಒಲೆಯಲ್ಲಿ ಕಾದ ನೀರೇ ಆಗಬೇಕು. ಆಮೇಲೆ ಅದೇ ಒಲೆಯ ಕೆಂಡಕ್ಕೆ ಸಾಂಬ್ರಾಣಿ ಹಾಕಿ ಕೂಸಿಗೂ ಹೊಗೆ ಹಿಡಿಯುತ್ತಾರೆ. ಹೊಗೆಯ ವಿಷಯದಲ್ಲಿ ನಾನು ವಾದ ಮಾಡಿ ಸೋತಿದ್ದೆ. ಮೊದಲ ನೀರಿನ ದಿನ ಬಚ್ಚಲಿಗೆ ಹೋದರೆ, ಅಕ್ಕ ಒಲೆಯ ಮುಂದೆ ಕೂತು ಆಗಷ್ಟೇ ಉರಿ ಹಚ್ಚಿದ್ದಳು. ಪಕ್ಕದಲ್ಲಿ ಸೀಳಿದ ಹಲಗೆಗಳ ರಾಶಿ. ಒಂದು ಮುಖವೆಲ್ಲ ಹಸಿರು.

"ಅಕ್ಕ, ಅದನ್ನ ಆರ್ಸು."

"ಯಾಕೆ? ಹೊನ್ನೆ ಮರ ಕಣೆ. ಬಾಣಂತನಕ್ಕೇ ಅಂತ ಸೀಳ್ಸಿಟ್ಟಿದ್ದೆ."

"ಬಣ್ಣ ಉರುದ್ರೆ ಸೀಸ ಹೊಗೇಲಿ ಬತ್ತದೆ. ಕೂಸು ಅದನ್ನೇ ಎಳ್ಕಳದು."

"ನಾವೂ ಅದೇ ರೂಮಲ್ಲಿ ಹುಟ್ದೋರು. ನಮಗೇನಾಯ್ತು?"

ಒಲೆಗೆ ಒಂದು ಚೆಂಬು ನೀರು ಸುರಿದೆ. ಆವತ್ತು ಗ್ಯಾಸಿನ ಮೇಲೆ ನೀರು ಕಾಯಿಸಿದ್ದಾಯಿತು. ಕೆಂಡವಿಲ್ಲದೆ ಸಾಂಬ್ರಾಣಿಯೂ ತಪ್ಪಿತು.

ಹಲಗೆಗಳನ್ನು ಕಸದ ಗಾಡಿಗೆ ಹಾಕಹೋದೆ. ಗಾಡಿಯವನು ಒಂದನ್ನು ಎತ್ತಿ ನೋಡಿದ.

"ಒಳ್ಳೆ ಸೌದೆ ಅಲ್ವ ಅಮ್ಮ. ನಮ್ಮನೆ ನೀರೊಲೆಗೆ ತಗಂಡೋಯ್ತೀನಿ ಬುಡಿ."

"ಮನೇಲಿ ಮಕ್ಳು ಅವ್ರಾ?"

"ಅವ್ರೆ, ಎಲ್ಡು."

ವಾಪಸು ತಂದೆ. ಎಲ್ಲಿ ಕೊಡಬೇಕೆಂದು ಮೂರು ಕಡೆ ವಿಚಾರಿಸಿದೆ. ಎಲ್ಲರೂ ಸುಟ್ಟುಹಾಕಿ ಎಂದರು. ಈಗ ಅವು ಪ್ಲಾಸ್ಟಿಕ್ ಸುತ್ತಿಕೊಂಡು ಅಟ್ಟದ ಮೇಲಿವೆ. 'ಉರಿಸಬಾರದು' ಎಂದು ದೊಡ್ಡದಾಗಿ ಬರೆದು ಅಂಟಿಸಿದ್ದೇನೆ. ನನ್ನ ತಂಗಿ ಕಿಟಕಿಗೂ ಬಾಣಂತನ ಮಾಡುತ್ತಾಳೆ ಎಂದು ಅಕ್ಕ ಬಂದವರಿಗೆಲ್ಲ ಹೇಳುತ್ತಾಳೆ.

ಮೊನ್ನೆ ಮಗಳು ಬಂದಿದ್ದಳು. ಕೂಸು ಈಗ ಹಿಡಿದುಕೊಂಡು ನಿಲ್ಲುತ್ತದೆ. ಕಿಟಕಿಯ ಹತ್ತಿರ ನಿಂತು ಬಣ್ಣ ಕಾಣದ ಹೊಸ ಬಾಗಿಲಿನ ಅಂಚನ್ನು ಚೀಪುತ್ತಿತ್ತು. ಅಕ್ಕ ಮಾಡುತ್ತಿದ್ದ ಕೆಲಸ ಬಿಟ್ಟು ಓಡಿಹೋಗಿ ಅದನ್ನು ಎತ್ತಿಕೊಂಡಳು.

"ಚೀಪ್ಲಿ ಬುಡಕ್ಕ" ಎಂದೆ.