ಸಲೀಮಾಳ ಮನೆಗೆ ಬಂದ ಫ್ರಿಜ್ಜು

ಭದ್ರಾವತಿಯ ಜನ್ನಾಪುರದಲ್ಲಿ ಸೀರೆಗೆ ಫಾಲ್ ಹೊಲಿದು ಬದುಕುವ ಸಲೀಮಾಳ ಕಣ್ಣು ಮಂಜಾಗಿ ವರ್ಷವಾಗಿತ್ತು. ಮಗಳು ತೀರಿಕೊಂಡಿದ್ದಳು. ಅಳಿಯ ಬೇರೆ ಮದುವೆಯಾಗಿ ಊರು ಬಿಟ್ಟಿದ್ದ. ಒಂಬತ್ತು ವರ್ಷದ ಮೊಮ್ಮಗಳು ಇರಂ ಅಜ್ಜಿಯ ಪಾಲಿಗೆ ಉಳಿದಿದ್ದಳು. ಹೊಲಿಗೆ ಕೈಬಿಡುತ್ತಾ ಬಂದಂತೆ, ಹುಡುಗಿಯನ್ನು ಶಿವಮೊಗ್ಗದ ಹಾಸ್ಟೆಲಿಗೆ ಹಾಕುವುದೇ ವಾಸಿ ಎಂದು ಬಂದವರೆಲ್ಲ ಹೇಳತೊಡಗಿದರು. ಸಲೀಮಾ ಕಿವಿಯೂ ಮಂದವಾದವಳಂತೆ ಕೂತಿರುತ್ತಿದ್ದಳು.

ಅಷ್ಟರಲ್ಲಿ, ಇಂಥ ಮಕ್ಕಳಿರುವ ಮನೆ ನೋಡಲು ಸಂಶೋಧಕರೊಬ್ಬರು ಬರುತ್ತಾರೆಂದು ಸುದ್ದಿ ಬಂತು. ಯಾತಕ್ಕೆಂದು ಯಾರಿಗೂ ಗೊತ್ತಿರಲಿಲ್ಲ.

"ಸಲೀಮಕ್ಕ, ಮನೆ ಹೀಗೆ ಬೋಳಾಗಿದ್ರೆ ಮಗೂನ ಎತ್ಕೊಂಡೇ ಹೋಗ್ತಾರೆ ಮಾರಾಯ್ತಿ!" ಎಂದಳು ಪಕ್ಕದ ಮನೆಯ ಜಯಶೀಲಾ.

ಹೆಣ್ಣು ನೋಡಲು ಗಂಡಿನ ಕಡೆಯವರು ಬರುವಾಗ ಏನು ಮಾಡುತ್ತದೋ, ಬೀದಿ ಅದನ್ನೇ ಮಾಡಿತು. ಜಯಶೀಲಾಳ ಫ್ರಿಜ್ಜು ಬಂತು. ಮೆಕ್ಯಾನಿಕ್ ಜಾಹಿದನ ಟೀವಿ ಬಂತು. ನಾಲ್ಕು ಮನೆಗಳಿಂದ ನಾಲ್ಕು ಬಣ್ಣದ ಕುರ್ಚಿ ಬಂದವು.

ಸಂಶೋಧಕ ಶಿವಕುಮಾರ್ ಹನ್ನೊಂದಕ್ಕೆ ಬಂದ. 'ದುರ್ಬಲ ಕುಟುಂಬಗಳಲ್ಲಿ ಮಕ್ಕಳ ರಕ್ಷಣೆ ಮತ್ತು ಪರ್ಯಾಯ ಆರೈಕೆ' ಎಂಬ ತನ್ನ ವಿಷಯವನ್ನು ಆತ ಬಸ್ಸಿನ ಕಂಡಕ್ಟರಿಗೂ ವಿವರಿಸಿಯೇ ಇಳಿದಿದ್ದ.

"ಫ್ರಿಜ್ಜು ನಿಮ್ದೇನಾ ಅಮ್ಮ?"

"ನಮ್ದೇ ಸಾರ್."

"ಟೀವಿ?"

"ಅದೂ ನಮ್ದೇ. ಹುಡುಗಿಗೆ ಏನೂ ಕಮ್ಮಿ ಮಾಡಿಲ್ಲ ಸಾರ್."

ಆತನ ಕೈಯ ಟ್ಯಾಬಿನಲ್ಲಿ ಹಸಿರು ಗುರುತು ಮೂಡಿತು. "ಶಭಾಷ್! ಸುಭದ್ರ ಕುಟುಂಬ. ನಿಮ್ಗೆ ಸಹಾಯಧನದ ಅಗತ್ಯ ಇಲ್ಲ."

"ಯಾವ ಸಹಾಯಧನ?"

"ಮಗು ಹಾಸ್ಟೆಲಿಗೆ ಹೋಗ್ದೆ ಅಜ್ಜಿ ಹತ್ರಾನೇ ಬೆಳೀಲಿ ಅಂತ ತಿಂಗಳು ತಿಂಗಳು ಸರ್ಕಾರ ಕೊಡೋದು. ನಮ್ಮ ವರದಿ ನೋಡಿ, ತೀರಾ ಇಲ್ಲದೋರಿಗೆ."

ಸಲೀಮಾ ಎದ್ದು ನಿಂತಳು. "ಸಾರ್, ಫ್ರಿಜ್ಜು ಈ ಜಯಶೀಲಾದು. ಟೀವಿ ಜಾಹಿದಂದು. ನೀವು ಕೂತಿರೋ ಕುರ್ಚಿನೂ ನಮ್ದಲ್ಲ."

ಶಿವಕುಮಾರ್ ಎಲ್ಲ ಬಲ್ಲವನಂತೆ ನಕ್ಕ. "ಸಹಾಯಧನ ಅಂದ ಕೂಡ್ಲೆ ಎಲ್ರೂ ಹಿಂಗೇ ಅಂತಾರಮ್ಮ. ಅದ್ಕೇ ಆ ಮಾತನ್ನ ನಾವು ಕೊನೇಲಿ ಹೇಳೋದು. ಸಂಶೋಧನಾ ಪದ್ಧತಿ."

ಜಯಶೀಲಾ ಫ್ರಿಜ್ಜಿನ ಬಾಗಿಲು ತೆಗೆದೇಬಿಟ್ಟಳು. "ನೋಡಿ ಸಾರ್, ಒಳಗಿರೋ ದೋಸೆ ಹಿಟ್ಟೂ ನಂದೇ!"

"ಹಿಟ್ಟು ಯಾರದು ಅನ್ನೋಕೆ ಕಾಲಂ ಇಲ್ಲಮ್ಮ."

ಬಾಗಿಲಲ್ಲಿ ನಿಂತಿದ್ದ ಇರಂ ಅಜ್ಜಿಯ ಮುಖ ನೋಡಿದಳು, ಆಮೇಲೆ ಆತನ ಮುಖ ನೋಡಿದಳು. ಆತ ಅವಳನ್ನು ಫ್ರಿಜ್ಜಿನ ಪಕ್ಕ ನಿಲ್ಲಿಸಿ ಒಂದು ಫೋಟೊ ತೆಗೆದುಕೊಂಡ. ಚೆನ್ನಾಗಿ ಬಂತು.

ಆತ ಚಪ್ಪಲಿ ಮೆಟ್ಟಿಕೊಳ್ಳುವಾಗ ಸಲೀಮಾ ಹೊಸ್ತಿಲವರೆಗೆ ಬಂದಳು.

"ಸಾರ್, ಆ ಹಾಸ್ಟೆಲಲ್ಲಿ ಮಕ್ಕಳನ್ನ ನೋಡೋಕೆ ವಾರಕ್ಕೊಂದ್ಸಲನಾದ್ರೂ ಬಿಡ್ತಾರಾ?"

"ಅದು ನನ್ನ ಅಧ್ಯಯನದ ವ್ಯಾಪ್ತಿಗೆ ಬರಲ್ಲಮ್ಮ" ಎಂದ ಶಿವಕುಮಾರ್, ನಿಜವಾಗಿಯೂ ನೊಂದುಕೊಂಡು.